ಹೊಳೆಯ ಕೆಸರಿನಲ್ಲೇ ಹೊಳೆಯ ಚಿತ್ರ ಬರೆಯುವುದು ಹೇಗೆ

ನಾನು ಮಾಡಿಸಿದ ಮೊದಲ ‘ನದಿ ಕಲೆ’ಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಕ್ಕಳ ಕೈಗೆ ಅಕ್ರಿಲಿಕ್ ಬಣ್ಣ ಕೊಟ್ಟು, ನುಣುಪುಗಲ್ಲುಗಳ ಮೇಲೆ ಮೀನು, ಕಪ್ಪೆ ಬರೆಸಿ, ದಡದುದ್ದಕ್ಕೂ ಸಾಲಾಗಿ ಇಡಿಸಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ನೀರು ಏರಿ ಎಲ್ಲವನ್ನೂ ಎಳೆದುಕೊಂಡು ಹೋಯಿತು. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್ ಎಂಬುದು ನನಗೆ ಹೊಳೆದದ್ದು ಆಮೇಲೆ. ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ: ಹೊಳೆಯಿಂದ ಬಾರದ ಬಣ್ಣವನ್ನು ದಡಕ್ಕೆ ತರುವುದಿಲ್ಲ. ಚಿತ್ರ ಬರೆಯಲು ಬಾರದವರೂ ಸೇರಿ ಬರೆಯಬಹುದಾದ ಉದ್ದನೆಯ ಬಟ್ಟೆಯ ನಕ್ಷೆಯನ್ನು ಈಗ ಮಾಡಿಸುತ್ತೇನೆ. ಅದರ ಬಗೆ ಹೀಗಿದೆ.

ಮೊದಲು ನಡೆಯಿರಿ. ಇಡೀ ನದಿಯ ಗೊಡವೆ ಬೇಡ, ಎರಡು ಕಿಲೋಮೀಟರ್ ಸಾಕು. ನೂರು ಮೀಟರ್ ದಡಕ್ಕೆ ಒಂದು ಮೀಟರ್ ಬಟ್ಟೆ ಎಂದರೆ ಒಟ್ಟು 20 ಮೀಟರ್ ಆಯಿತು. ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು ಒಣಗಿಸಿಟ್ಟುಕೊಳ್ಳಿ. ನಡೆಯುವಾಗಲೇ ಹತ್ತು ಜಾಗ ಗುರುತಿಸಿ: ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ಕಡೆ, ಆಳದ ಮಡು, ತಿರುವಿನ ಒಳಮೈಯ ಮರಳು, ಕುಸಿಯುತ್ತಿರುವ ದಂಡೆ, ಹೀಗೆ. ಪ್ರತಿ ಜಾಗದಿಂದ ಒಂದೊಂದು ಹಿಡಿ ಕೆಸರನ್ನು ಮುಚ್ಚಳದ ಬಾಟಲಿಗೆ ತುಂಬಿ ಚೀಟಿ ಅಂಟಿಸಿ. ಕೈಗವಸು ಇರಲಿ. ಕಾರ್ಖಾನೆಯ ನೀರು, ಚರಂಡಿ ಬಂದು ಸೇರುವ ಕಡೆ ಮಾತ್ರ ಕೆಸರು ತೆಗೆಯಬೇಡಿ. ಅಲ್ಲಿ ಭಾರಲೋಹಗಳು ತಂಗಿರಬಹುದು. ಮಕ್ಕಳು ಜೊತೆಗಿದ್ದರಂತೂ ಇದನ್ನು ಸಡಿಲಿಸುವಂತಿಲ್ಲ.

ಕೆಸರನ್ನು ಬಣ್ಣ ಮಾಡುವುದು ಸುಲಭ, ಆದರೆ ತಾಳ್ಮೆ ಬೇಕು. ಕಡ್ಡಿ, ಎಲೆ ಆಯ್ದು ತೆಗೆದು, ಒಂದು ಬಕೆಟ್ ನೀರಿನಲ್ಲಿ ಚೆನ್ನಾಗಿ ಕದಡಿ, ಅರ್ಧ ನಿಮಿಷ ಸುಮ್ಮನಿರಿ. ಮರಳು ತಳ ಸೇರುತ್ತದೆ. ಮೇಲಿನ ರಾಡಿ ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಉಳಿಯುವುದು ಬೆರಳಿಗೆ ರೇಷ್ಮೆಯಂತೆ ಹತ್ತುವ ನುಣ್ಣನೆಯ ಕೆಸರು. ಅದಕ್ಕೆ ಸಕ್ಕರೆ ಹಾಕದ ಸೋಯಾ ಹಾಲನ್ನು ಬೆರೆಸಿ ಅರೆಯಿರಿ. ಹಾಲಿನ ಪ್ರೋಟೀನ್ ಒಣಗುತ್ತಾ ಮಣ್ಣಿನ ಕಣಗಳನ್ನು ನೂಲಿಗೆ ಹಿಡಿಸುತ್ತದೆ. ಬೇಗ ಹಳಸುವುದರಿಂದ ಆ ದಿನಕ್ಕೆ ಬೇಕಾದಷ್ಟನ್ನೇ ಕಲಸಿ. ಕಾಗದದ ಮೇಲೆ ಬರೆಯುವುದಾದರೆ ಅರಬ್ಬಿ ಗೋಂದು ಸಾಕು: ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿನೀರು.

ಹತ್ತು ಬಾಟಲಿಯಲ್ಲಿ ಹತ್ತು ಬಣ್ಣ ಇರುತ್ತದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ತೆರೆದು ತೋರಿಸಿ. ಕೆಂಪು, ಹಳದಿ ಬರುವುದು ಕಬ್ಬಿಣದ ತುಕ್ಕಿನಿಂದ. ಕಪ್ಪು ಬರುವುದು ನಿಂತ ಮಡುವಿನಿಂದ, ಕೊಳೆತ ಮೊಟ್ಟೆಯ ವಾಸನೆಯ ಜೊತೆಗೆ. ಆಮ್ಲಜನಕ ತಲುಪದ ಕೆಸರಿನಲ್ಲಿ ಕಬ್ಬಿಣವೂ ಗಂಧಕವೂ ಕೂಡಿ ಆಗುವ ಬಣ್ಣ ಅದು. ಒಮ್ಮೆ ಒಬ್ಬ ಹುಡುಗಿ ಆ ಕಪ್ಪಿನಲ್ಲೇ ಮಡುವನ್ನು ದಟ್ಟವಾಗಿ ತುಂಬಿ ಊಟಕ್ಕೆ ಹೋದಳು. ಮರಳಿ ಬರುವಾಗ ಅಂಚೆಲ್ಲ ಕಂದಾಗಿತ್ತು. ‘ನನ್ನ ಚಿತ್ರವನ್ನು ಯಾರು ಕೆಡಿಸಿದ್ದು?’ ಎಂದು ಜಗಳಕ್ಕೇ ನಿಂತಳು. ಗಾಳಿ ತಾಗಿ ಕಪ್ಪು ಮತ್ತೆ ತುಕ್ಕಾಗುತ್ತಿತ್ತು, ಅಷ್ಟೆ. ಮಧ್ಯಾಹ್ನವೆಲ್ಲ ಅವಳು ಕುಂಚ ಮುಟ್ಟದೆ ಅದನ್ನೇ ನೋಡುತ್ತಾ ಕುಳಿತಿದ್ದಳು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಉಪನ್ಯಾಸ ಚೀಲದಲ್ಲೇ ಉಳಿಯಿತು.

ಇನ್ನು ಜೀವಿಗಳು. ಮೀನು, ಹಕ್ಕಿ ಎಲ್ಲರಿಗೂ ಗೊತ್ತು. ಅವನ್ನು ಹೇಗೂ ಬರೆಯುತ್ತಾರೆ. ನೀವು ಬಿಳಿ ತಟ್ಟೆಯಲ್ಲಿ ಹೊಳೆಯ ನೀರು ತುಂಬಿ, ಹರಿವಿನ ಒಂದು ಕಲ್ಲನ್ನೆತ್ತಿ ಅದರ ಅಡಿಯನ್ನು ತಟ್ಟೆಯೊಳಗೆ ಮೆಲ್ಲನೆ ತೊಳೆಯಿರಿ. ಸಾಮಾನ್ಯವಾಗಿ ಮೂರು ಬಾಲವಿದ್ದು, ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳನ್ನು ಬಡಿಯುತ್ತಿರುವುದು ಮೇಫ್ಲೈ ಎಂಬ ಕೀಟದ ಮರಿ. ಎರಡೇ ಬಾಲವಿದ್ದು, ಹೊಟ್ಟೆಯ ಪಕ್ಕದಲ್ಲಿ ಕಿವಿರು ಕಾಣದಿದ್ದರೆ ಸಾಮಾನ್ಯವಾಗಿ ಸ್ಟೋನ್‌ಫ್ಲೈ. ಮರಳಿನ ಕಣಗಳನ್ನು ತನ್ನದೇ ನೂಲಿನಿಂದ ಹೊಲಿದು ಗೂಡು ಮಾಡಿಕೊಂಡು ಅದನ್ನೇ ಎಳೆದುಕೊಂಡು ಓಡಾಡುವುದು ಕ್ಯಾಡಿಸ್ ನೊಣದ ಮರಿ. (ಫ್ರಾನ್ಸಿನ ಕಲಾವಿದ ಹ್ಯೂಬರ್ಟ್ ಡ್ಯೂಪ್ರಾ ಇವುಗಳಿಗೆ ಚಿನ್ನದ ಚೂರು ಕೊಟ್ಟು ಚಿನ್ನದ ಗೂಡನ್ನೇ ಕಟ್ಟಿಸಿದ್ದಾರೆ. ನನಗೆ ಮರಳಿನ ಗೂಡೇ ಚಂದ.) ಇವು ಸಿಕ್ಕಿದ ಕಡೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ ಎಂದರ್ಥ. ಬರೀ ಕೆಂಪು ಹುಳುಗಳೇ ಸಿಕ್ಕಿದರೆ ಅನುಮಾನಪಡಿ. ಸಿಕ್ಕಿದ್ದನ್ನು ನಕ್ಷೆಯಲ್ಲಿ ಆಯಾ ಜಾಗದಲ್ಲಿ ಅಂಗೈ ಗಾತ್ರಕ್ಕೆ ಹಿಗ್ಗಿಸಿ ಬರೆಸಿ. ತಟ್ಟೆ ನೆರಳಿನಲ್ಲಿರಲಿ. ಹತ್ತು ನಿಮಿಷದೊಳಗೆ ಜೀವಿಗಳನ್ನು ತಂದ ಕಡೆಗೇ ಬಿಟ್ಟು, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡಿ.

ಹೊಳೆಯ ಚರಿತ್ರೆಯನ್ನು ಊರಿನವರಲ್ಲಿ ಕೇಳುವ ಬಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಈ ನದಿ ಎಂದರೆ ನಿಮಗೆ ಏನು?’ ಎಂದು ಕೇಳಿದಿರೋ, ಭಾಷಣ ಶುರುವಾಗುತ್ತದೆ. ‘ನೆರೆ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿ. ಅವರೇ ಎದ್ದು ನಿಮ್ಮನ್ನು ಗೋಡೆಯ ಬಳಿಗೆ ಕರೆದೊಯ್ದು ಕೈಯಿಟ್ಟು ತೋರಿಸುತ್ತಾರೆ. ನೆಲದಿಂದ ಟೇಪು ಹಿಡಿದು ಅಳೆದು, ವರ್ಷದ ಜೊತೆ ಬರೆದುಕೊಳ್ಳಿ. ವರ್ಷ ನೆನಪಿಲ್ಲದವರಿಗೆ ಮಗ ಆಗ ಎಷ್ಟು ದೊಡ್ಡವನಿದ್ದ ಎಂದು ಕೇಳಿದರೆ ಲೆಕ್ಕ ಸಿಗುತ್ತದೆ.

ಹಳೆಯ ಸರ್ವೆ ನಕ್ಷೆಗಳು ಸಿಕ್ಕರೆ ಎಲ್ಲವನ್ನೂ ಒಂದೇ ಅಳತೆಗೆ ತಂದು, ಒಂದೊಂದು ಕಾಲದ ಹರಿವನ್ನು ಒಂದೊಂದು ಕೆಸರಿನ ಬಣ್ಣದಲ್ಲಿ ಬರೆಸಿ. ಹೊಂದಿಸಲು ಅಲುಗಾಡದ ಗುರುತು ಬೇಕು: ಬಂಡೆ, ಸೇತುವೆಯ ಕಂಬ, ಹಳೆಯ ಕಟ್ಟಡದ ಮೂಲೆ. ಹೆರಾಲ್ಡ್ ಫಿಸ್ಕ್ ಎಂಬ ಭೂವಿಜ್ಞಾನಿ 1944ರಲ್ಲಿ ಮಿಸಿಸಿಪ್ಪಿ ನದಿಯ ಹಳೆಯ ಪಾತ್ರಗಳನ್ನು ಹೀಗೆ ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ತೋರಿಸಿದ್ದರು. ಸರ್ಕಾರಿ ವರದಿಗಾಗಿ ಮಾಡಿದ ಆ ನಕ್ಷೆಗಳು ಹಗ್ಗದ ಸಿಕ್ಕಿನಂತೆ ಕಾಣುತ್ತವೆ. ಇಂದು ಜನ ಅವನ್ನು ಚಿತ್ರವೆಂದೇ ಗೋಡೆಗೆ ಹಾಕಿಕೊಳ್ಳುತ್ತಾರೆ.

ಬಟ್ಟೆ ಬೇಡ, ಗೋಡೆಯೇ ಬೇಕು ಎನ್ನುವವರಿಗೆ ಒಂದು ಮಾತು. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 2016ರಲ್ಲಿ ರೋಮಿನ ಟೈಬರ್ ನದಿಯ ತಡೆಗೋಡೆಯ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಚಿತ್ರಮಾಲೆ ಮಾಡಿದರು. ಬಣ್ಣ ಬಳಿಯಲಿಲ್ಲ. ಅಚ್ಚಿನ ಹಾಳೆಗಳನ್ನು ಗೋಡೆಗೆ ಹಿಡಿದು ಸುತ್ತಲಿನ ಕೊಳೆಯನ್ನು ನೀರಿನಿಂದ ತೊಳೆದರು. ಉಳಿದ ಕೊಳೆಯೇ ಚಿತ್ರವಾಯಿತು. ಈ ದಾರಿ ಹಿಡಿಯುವುದಾದರೆ ಮೊದಲು ಅನುಮತಿ ಪಡೆಯಿರಿ, ಹಳೆಯ ಗಾರೆಯ ಮೇಲೆ ಜೋರು ನೀರು ಬಿಡಬೇಡಿ.

ಮುಗಿದ ಬಟ್ಟೆಯನ್ನು ಎತ್ತರದಲ್ಲಿ ಕಟ್ಟಬೇಡಿ. ಒಣಗಿದ ದಿನ ನೋಡಿ ದಡದಲ್ಲೇ ನೆಲಕ್ಕೆ ಹಾಸಿ, ಪಕ್ಕದಲ್ಲಿ ಕೆಸರಿನ ಬಾಟಲಿ, ಕುಂಚ ಇಟ್ಟಿರಿ. ಕಳೆದ ಸಲ ಒಬ್ಬ ಹಿರಿಯರು ಬಂದು, ನಾವು ಮೂರು ಮನೆಗಳಲ್ಲಿ ವಿಚಾರಿಸಿ ಎಳೆದಿದ್ದ ನೆರೆಯ ಗೆರೆಯನ್ನು ಊರುಗೋಲಿನ ತುದಿಯಿಂದ ತೋರಿಸಿ, ‘ಇದು ಸುಳ್ಳು’ ಎಂದರು. ಮಂಡಿಯೂರಿ ಕುಳಿತು, ಒಂದು ಗೇಣು ಮೇಲೆ ತಾವೇ ಇನ್ನೊಂದು ಗೆರೆ ಎಳೆದರು. ಎರಡನ್ನೂ ಹಾಗೆಯೇ ಬಿಟ್ಟಿದ್ದೇವೆ.