ಹಳದಿಗೆ ಬಂದರೆ ಸಾಕು: ವಿಕಿಸೋರ್ಸ್‌ನಲ್ಲಿ ಪುಟ ತಿದ್ದುವ ನನ್ನ ಕ್ರಮ

ವಿಕಿಸೋರ್ಸ್ ಅಂದರೆ ಯಾರು ಬೇಕಾದರೂ ಕೈಜೋಡಿಸಬಹುದಾದ ಉಚಿತ ಆನ್‌ಲೈನ್ ಗ್ರಂಥಾಲಯ. ಸ್ಕ್ಯಾನ್ ಮಾಡಿದ ಪುಟದಿಂದ ಯಂತ್ರ ಓದಿಕೊಟ್ಟ ಪಠ್ಯವನ್ನು ಅಚ್ಚಿನೊಡನೆ ಹೋಲಿಸಿ ಸರಿಪಡಿಸುವುದೇ ಅಲ್ಲಿ ಪುಟ ತಿದ್ದುವುದು. ಹಳೆಯ ಕನ್ನಡ ಪುಸ್ತಕಗಳನ್ನು ವಿಕಿಸೋರ್ಸ್‌ಗೆ ಏರಿಸುವ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಅಕ್ಷರದ ಬಗ್ಗೆ ಕಾಳಜಿ ಇರುವವರು. ಅವರಲ್ಲೇ ಬಹಳ ಮಂದಿ ಮೊದಲ ಪುಟ ದಾಟುವುದಿಲ್ಲ. ಒಂದೇ ಪ್ಯಾರಾವನ್ನು ಹತ್ತು ಸಲ ಓದಿ, 'ಹಳೆಗನ್ನಡ ವ್ಯಾಕರಣ ಸ್ವಲ್ಪ ನೋಡಿಕೊಂಡು ಆಮೇಲೆ ಕೂರೋಣ' ಎಂದು ಎದ್ದುಬಿಡುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗೆ, ಪುಟ ತಿದ್ದದೆ ಕೈ ಪಳಗದು, ಕೈ ಪಳಗದೆ ಪುಟ ಮುಟ್ಟಲು ಮನಸ್ಸು ಬಾರದು.

ನನಗೆ ಈ ಗಂಟು ಬಿಡಿಸಿಕೊಟ್ಟದ್ದು ಅಲ್ಲಿನ ಬಣ್ಣದ ಗುಂಡಿಗಳು. ಪ್ರತಿ ಪುಟಕ್ಕೂ ಒಂದು ಸ್ಥಿತಿ ಇರುತ್ತದೆ. ಬೂದು ಅಂದರೆ ಪಠ್ಯವಿಲ್ಲದ ಪುಟ, ಕೆಂಪು ಅಂದರೆ ಇನ್ನೂ ತಿದ್ದಿಲ್ಲ, ನೇರಳೆ ಅಂದರೆ ತೊಡಕಿದೆ, ಹಳದಿ ಅಂದರೆ ಒಬ್ಬರು ತಿದ್ದಿದ್ದಾರೆ, ಹಸಿರು ಅಂದರೆ ಇನ್ನೊಬ್ಬರೂ ನೋಡಿ ಒಪ್ಪಿದ್ದಾರೆ. ಹಳದಿ ಮಾಡಿದವರೇ ಅದನ್ನು ಹಸಿರು ಮಾಡಲು ತಂತ್ರಾಂಶ ಬಿಡುವುದಿಲ್ಲ. ಅಂದರೆ ಪರಿಪೂರ್ಣ ಪುಟ ಕೊಡುವುದು ನನ್ನೊಬ್ಬನ ಕೈಯಲ್ಲಿ ಇಲ್ಲವೇ ಇಲ್ಲ. ಹಳದಿಗೆ ತಂದು ಬಿಟ್ಟರೆ ನನ್ನ ಪಾಲು ಮುಗಿಯಿತು.

ಶುರು ಮಾಡುವುದು ಮುಖಪುಟದಿಂದಲ್ಲ. ಮುಖಪುಟದಲ್ಲಿ ದಪ್ಪಕ್ಷರ, ಮಧ್ಯಕ್ಕೆ ತರಬೇಕಾದ ಸಾಲು, ಪ್ರಕಾಶಕರ ಚಿಹ್ನೆ ಎಲ್ಲ ಇರುತ್ತವೆ. ತಿದ್ದಬೇಕಾದದ್ದು ನಾಲ್ಕು ಪದ, ಹಾಳಾಗುವುದು ಒಂದು ಸಂಜೆ. ಪರಿವಿಡಿಯ ಕೋಷ್ಟಕವೂ ಅಷ್ಟೇ, ಎರಡನ್ನೂ ಕೊನೆಗೆ ಇಡಿ. ನಾನು ಪುಸ್ತಕದ ನಡುವಿನಲ್ಲಿ, ಅಡಿಟಿಪ್ಪಣಿಯಾಗಲಿ ಪದ್ಯವಾಗಲಿ ಇಲ್ಲದ ಗದ್ಯದ ಪುಟವನ್ನು ಹಿಡಿಯುತ್ತೇನೆ. ಪುಸ್ತಕ ಆರಿಸುವಾಗಲೂ ತೂಗಾಟ ಬೇಡ, ಕೃತಿಸ್ವಾಮ್ಯ ಮುಗಿದಿದ್ದರೆ ಸಾಕು. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹ ಎಂದೋ ಮುಕ್ತವಾಗಿದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರದು 2024ರ ಜನವರಿ 1ಕ್ಕೆ ಮುಕ್ತವಾಯಿತು. ಅವರ ಕಾಲಾನಂತರ ಮೊದಲ ಸಲ ಪ್ರಕಟವಾದ ಬರಹದ ಲೆಕ್ಕ ಮಾತ್ರ ಬೇರೆ.

ಒಂದು ಪುಟಕ್ಕೆ ಇಪ್ಪತ್ತು ನಿಮಿಷದ ಗಡಿ, ಅದರಲ್ಲಿ ಎರಡೇ ಓದು. ಮೊದಲನೆಯದು ಸ್ಕ್ಯಾನ್ ಚಿತ್ರದ ಜೊತೆ ಸಾಲಿಗೆ ಸಾಲು ಹೋಲಿಸುತ್ತಾ. ಎರಡನೆಯದು ಚಿತ್ರ ನೋಡದೆ, ಬಾಯಲ್ಲಿ ಗುನುಗುತ್ತಾ. ಕಣ್ಣು ತಪ್ಪಿಸಿಕೊಂಡದ್ದನ್ನು ಕಿವಿ ಹಿಡಿಯುತ್ತದೆ. ಮೂರನೆಯ ಓದಿಗೆ ಕೂತರೆ ಹೊಸ ತಪ್ಪು ಸಿಗುವುದು ಅಪರೂಪ. ಆಗ ಸಿಗುವುದು 'ಲೇಖಕರು ಇದನ್ನು ಹೀಗೆ ಬರೆಯಬಾರದಿತ್ತು' ಎಂಬ ಅಭಿಪ್ರಾಯ, ಅದು ಯಾರಿಗೂ ಬೇಕಾಗಿಲ್ಲ.

ಓದುವಾಗ ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಎಡವುವುದು ಗೊತ್ತಿರುವ ಕಡೆಗಳಲ್ಲೇ: ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ, ಘ ಮತ್ತು ಫ, ಮಸಿ ಹರಡಿದ ಒತ್ತಕ್ಷರ, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ. ಕೊನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಹುಡುಕಿದರೆ ಪದ ಸಿಗದಿದ್ದಾಗ ಮಾತ್ರ ಬಯಲಾಗುತ್ತದೆ. ಎಲ್ಲಕ್ಕಿಂತ ಕಿರಿಕಿರಿಯದು ಅರ್ಕಾವೊತ್ತು. ಅದು ಒಂಬತ್ತರ ಅಂಕಿಯಂತೆಯೇ ಇರುವುದರಿಂದ 'ಧರ್ಮ' ಎಂಬುದು 'ಧಮ೯' ಆಗಿ ಬರುತ್ತದೆ. ಪುಸ್ತಕದ ತುಂಬ ಇದೇ ಕಂಡಾಗ '೯' ಇದ್ದಲ್ಲೆಲ್ಲ 'ರ್' ಎಂದು ಒಂದೇ ಏಟಿಗೆ ಹುಡುಕಿ ಬದಲಾಯಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದರೆ 'ಧಮರ್' ಆಗುತ್ತದೆ, ಏಕೆಂದರೆ ಅಚ್ಚಿನಲ್ಲಿ ಆಮೇಲೆ ಬರುವ ರೇಫವನ್ನು (ಆ 'ರ್' ಸದ್ದನ್ನು) ಕಂಪ್ಯೂಟರಿಗೆ ವ್ಯಂಜನಕ್ಕಿಂತ ಮೊದಲು ಕೊಡಬೇಕು. '೧೯೧೨' ಎಂಬ ಇಸವಿಯ ನಡುವಿನ ಒಂಬತ್ತೂ ಕೆಡುತ್ತದೆ. ಇದಕ್ಕೆ ಸ್ಕ್ರಿಪ್ಟ್, ಅಂದರೆ ತಾನಾಗಿ ತಿದ್ದುವ ಸಣ್ಣ ಪ್ರೋಗ್ರಾಂ, ಬರೆಯುವುದು ಸಾಧ್ಯ, ಒಳ್ಳೆಯದೂ ಹೌದು. ಆದರೆ ಸ್ಕ್ರಿಪ್ಟನ್ನು ನಯಗೊಳಿಸುತ್ತಾ ವಾರ ಕಳೆಯುವುದು ಅದೇ ಹಳೆಯ ಕಾಯಿಲೆಯ ಇನ್ನೊಂದು ಮುಖ. ಕೈಯಲ್ಲಿ ಮೊದಲು ಹತ್ತು ಪುಟ ಮುಗಿಸಿ, ಯಾವ ತಪ್ಪು ನಿಜಕ್ಕೂ ಮರುಕಳಿಸುತ್ತದೆ ಎಂದು ಗೊತ್ತಾದ ಮೇಲೆ ಆ ಕಡೆ ಹೋಗಿ.

ಪುಟದ ನೆತ್ತಿಯ ಶೀರ್ಷಿಕೆ, ಪುಟಸಂಖ್ಯೆ ಮೇಲುಭಾಗದ ಪೆಟ್ಟಿಗೆಗೆ ಹೋಗಬೇಕು. ಮೈಯಲ್ಲಿ ಉಳಿದರೆ ಅಧ್ಯಾಯ ಜೋಡಿಸಿದಾಗ ವಾಕ್ಯದ ನಡುವೆ ಬಂದು ಕೂರುತ್ತವೆ. ಸಾಲಿನ ಕೊನೆಯಲ್ಲಿ ಮುರಿದ ಪದವನ್ನು ಕೂಡಿಸಿ. ಹಳೆಯ ಕಾಗುಣಿತವನ್ನು ಮುಟ್ಟಬೇಡಿ, ಅಚ್ಚಿನಲ್ಲಿ ಇದ್ದಂತೆಯೇ ಇರಲಿ. ಈ ಒಂದು ನಿಯಮ ಒಪ್ಪಿಕೊಂಡರೆ ತಲೆ ತಿನ್ನುವ ನಿರ್ಧಾರಗಳಲ್ಲಿ ಬಹುಪಾಲು ಅಲ್ಲೇ ಉದುರಿಹೋಗುತ್ತವೆ.

ಉಳಿದ ಸಂದೇಹಕ್ಕೆ ನೇರಳೆ ಇದೆ. ಮಸಿ ಅಳಿಸಿದೆ, ಹುಳ ತಿಂದಿದೆ, ಸಂಸ್ಕೃತ ಶ್ಲೋಕದ ಒಂದು ಪಾದ ಅರ್ಥವಾಗಲಿಲ್ಲ ಎಂದಾದರೆ ಎರಡು ನಿಮಿಷಕ್ಕಿಂತ ಹೆಚ್ಚು ಅದರೊಡನೆ ಗುದ್ದಾಡುವುದಿಲ್ಲ. ತಿಳಿದಷ್ಟು ಟೈಪಿಸಿ, ಚರ್ಚೆ ಪುಟದಲ್ಲಿ 'ಏಳನೆಯ ಸಾಲು, ಮೂರನೆಯ ಪದ ಓದಲಾಗುತ್ತಿಲ್ಲ' ಎಂದು ಬರೆದು, ನೇರಳೆ ಒತ್ತಿ ಮುಂದಿನ ಪುಟಕ್ಕೆ. ಗುಟ್ಟು ಇರುವುದು ಆ ಸಾಲಿನ ನಿಖರತೆಯಲ್ಲಿ. 'ಕೆಲವು ಕಡೆ ಸಂದೇಹವಿದೆ' ಎಂದು ಬರೆದರೆ ಬಂದವರು ಇಡೀ ಪುಟ ಮತ್ತೆ ಓದಬೇಕಾಗುತ್ತದೆ, ಯಾರೂ ಓದುವುದಿಲ್ಲ.

ಹಳದಿಯಾದ ಪುಟಕ್ಕೆ ನಾನಾಗಿ ಮರಳುವುದಿಲ್ಲ. ಬೇರೆಯವರು ಹಸಿರು ಮಾಡಿದಾಗ ಮಾತ್ರ ಪುಟದ ಇತಿಹಾಸದಲ್ಲಿ ವ್ಯತ್ಯಾಸ ತೆರೆದು ನೋಡುತ್ತೇನೆ. ಅವರು ತಿದ್ದಿದ್ದು ಬಿಡಿ ತಪ್ಪಾದರೆ ಬಿಟ್ಟುಬಿಡುವುದು. ಒಂದೇ ಬಗೆಯದು ಎರಡು ಮೂರು ಪುಟದಲ್ಲಿ ಕಂಡರೆ, ಉದಾಹರಣೆಗೆ ಪ್ರತಿ ಸಲವೂ 'ಥ'ದ ಬದಲು 'ಧ' ಉಳಿದಿದ್ದರೆ, ಅದನ್ನು ನೋಡಬೇಕಾದ ಅಕ್ಷರಗಳ ಪಟ್ಟಿಗೆ ಸೇರಿಸುತ್ತೇನೆ. ಪಟ್ಟಿ ಒಂದು ಸಣ್ಣ ಚೀಟಿಗಿಂತ ಉದ್ದವಾದರೆ ಹಳೆಯ ಒಂದನ್ನು ಹೊಡೆದುಹಾಕುತ್ತೇನೆ.