ಕಟ್ಟುಹಾವೋ ತೋಳಹಾವೋ? ದೂರದಿಂದಲೇ ಗುರುತಿಸಿ

ಮಳೆ ಹಿಡಿಯಿತೆಂದರೆ ಮಲೆನಾಡಿನ ಸೌದೆ ಗೂಡು, ಬಚ್ಚಲು, ಅಡಿಕೆ ತೋಟದಲ್ಲೆಲ್ಲ ಹಾವು ಕಾಣುವುದು ಮಾಮೂಲು. ಕಂಡಿದ್ದನ್ನೆಲ್ಲ ಹೊಡೆಯಬೇಡಿ. ಹಾಗಂತ ಎಲ್ಲವೂ ಕೇರೆ ಅಂದುಕೊಳ್ಳಲೂಬೇಡಿ.

ಮೊದಲು ಹಿಂದೆ ಸರಿಯಿರಿ. ಮಕ್ಕಳು, ನಾಯಿಯನ್ನು ಒಳಗೆ ಕಳಿಸಿ. ದೂರದಿಂದಲೇ ಜೂಮ್ ಮಾಡಿ ಫೋಟೊ ತೆಗೆಯಿರಿ, ಆಮೇಲೆ ಅದನ್ನು ನೋಡಿ ಗುರುತಿಸಿ.

ಉದ್ದ ಹಾವಾದರೆ ಕೇರೆಯೋ ನಾಗರವೋ ನೋಡಿ. ಕೇರೆಗೆ ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೆರೆಗಳಿರುತ್ತವೆ. ಹೆಡೆ ಕಾಣಲಿಲ್ಲ ಅಂದಮಾತ್ರಕ್ಕೆ ನಾಗರ ಅಲ್ಲ ಅನ್ನಬೇಡಿ, ಬೆದರಿದಾಗ ಮಾತ್ರ ಅದು ಹೆಡೆ ಬಿಚ್ಚುತ್ತದೆ.

ಜಾಸ್ತಿ ಗಮನ ಬೇಕಿರುವುದು ಪಟ್ಟೆ ಹಾವುಗಳಿಗೆ. ಗೋಡೆ ಹತ್ತುವ ತೋಳಹಾವಿಗೆ ವಿಷವಿಲ್ಲ, ಅದರ ಪಟ್ಟೆ ಕುತ್ತಿಗೆ ಹತ್ತಿರವೇ ಶುರುವಾಗಿ ಅಗಲವಾಗಿದ್ದು, ಬಾಲದ ಕಡೆ ಹೋಗ್ತಾ ಮಸುಕಾಗುತ್ತದೆ. ವಿಷವಿರುವ ಕಟ್ಟುಹಾವಿನ ಪಟ್ಟೆ ಇದಕ್ಕೆ ಉಲ್ಟಾ: ಮುಂಭಾಗ ಹೆಚ್ಚುಕಡಿಮೆ ಬರೀ ಕಪ್ಪು, ಹಿಂದಕ್ಕೆ ಹೋದಂತೆ ತೆಳು ಬಿಳಿ ಪಟ್ಟೆಗಳು, ಬಹುತೇಕ ಎರಡೆರಡು ಜೋಡಿಯಾಗಿ. ಬೆನ್ನಿನ ನಡುವೆ ದೊಡ್ಡ ಆರುಮೂಲೆ ಹುರುಪೆಗಳ ಸಾಲೂ ಇರುತ್ತದೆ. ಎಳೆ ಮರಿಗಳಲ್ಲಿ, ಹಳೆಯ ಹಾವುಗಳಲ್ಲಿ ಈ ಗುರುತು ಸರಿಯಾಗಿ ಸಿಗದು. ಅನುಮಾನ ಬಂದರೆ ವಿಷದ್ದೇ ಅಂದುಕೊಳ್ಳಿ, ನಷ್ಟವೇನಿಲ್ಲ ಅಲ್ವಾ?

ತೋಟದ ತರಗೆಲೆಯಲ್ಲಿ ಮುದುಡಿ ಕೂತು ಕುಕ್ಕರ್ ಬುಸುಗುಟ್ಟಿದಂತೆ ಸದ್ದು ಮಾಡಿದರೆ ಕೊಳಕುಮಂಡಲ. ಮೈಮೇಲೆ ಮೊಟ್ಟೆಯಾಕಾರದ ಮಚ್ಚೆಗಳ ಮೂರು ಸಾಲು. ಹೆಬ್ಬಾವಿನ ಮರಿಯಲ್ಲಿ ಮಚ್ಚೆಗಳು ಅಡ್ಡಾದಿಡ್ಡಿ.

ತಲೆ ತ್ರಿಕೋನವಾಗಿದ್ದರೆ ವಿಷ, ಇಲ್ಲದಿದ್ದರೆ ಇಲ್ಲ ಅನ್ನೋದನ್ನು ನಂಬಬೇಡಿ. ಕಟ್ಟುಹಾವು, ನಾಗರ ಎರಡರ ತಲೆಯೂ ತ್ರಿಕೋನವಲ್ಲ.

ಆಗುಂಬೆ ಕಡೆಯ ಕಾಳಿಂಗ ಹೆಚ್ಚಾಗಿ ಕೇರೆಯಂಥ ಬೇರೆ ಹಾವುಗಳನ್ನೇ ತಿಂದು ಬದುಕುತ್ತದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆಯೇ ಪ್ರಭೇದವೆಂದು ಹೆಸರಿಸಿದರು. ನಮ್ಮಲ್ಲಿ ಸಿಗುವ ಸಾಮಾನ್ಯ ವಿಷನಿರೋಧಕ ಔಷಧಿ ಇದರ ವಿಷಕ್ಕಲ್ಲ, ಆದ್ದರಿಂದ ಇದನ್ನು ಕಂಡರೆ ಹಿಡಿಯಲು ಹೋಗದೆ ಅರಣ್ಯ ಇಲಾಖೆಗೆ ಹೇಳಿ.

ಕಚ್ಚಿದರೆ 108ಕ್ಕೆ ಕರೆ ಮಾಡಿ, ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಹೊರಡಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಬೇಡ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವು, ಗುರುತು ಎರಡೂ ಇಲ್ಲದಿರಬಹುದು. ಬೆಳಿಗ್ಗೆ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋಲಿದರೆ, ಹಾವು ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.