ಟಿವಿ ಡಬ್ಬ ಹೊತ್ತು ಚಿಕ್ಕ ಗಡಿಯಾರದ ಹತ್ತಿರ ನಿಂತ ಕಥೆ

ಕೊನೆಗೂ ನನ್ನ ಫೋಟೋ ಸರಣಿ ಆಯಿತು. ಎರಡು ವರ್ಷದಿಂದ "ಇದು ಆಗೋದಲ್ಲ ಬಿಡು" ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಯೋಚನೆ ಸರಳವಾಗಿತ್ತು. ತಲೆಗೆ ಹಳೇ ಟಿವಿ ಡಬ್ಬ ಹಾಕಿಕೊಂಡು ಮೈಸೂರಿನ ಚಿಕ್ಕ ಗಡಿಯಾರದ ಹತ್ತಿರ, ದೇವರಾಜ ಮಾರ್ಕೆಟ್‌ಗೆ ಹೋಗುವ ಜನರ ನಡುವೆ ಅಲುಗಾಡದೆ ನಿಲ್ಲಬೇಕು. ಕ್ಯಾಮೆರಾ ಮೂವತ್ತು ಸೆಕೆಂಡ್ ತೆರೆದಿರಬೇಕು. ಓಡಾಡುವ ಜನ ಹೊಗೆಯಂತೆ ಕರಗಿ, ಪರದೆ ಇದ್ದ ಜಾಗದಲ್ಲಿ ನನ್ನ ಮುಖ ಮಾತ್ರ ಉಳಿಯಬೇಕು. ದಿನವಿಡೀ ಪರದೆ ನೋಡುವವರಿಗೆ ಊರು ಹೀಗೇ ಕಾಣೋದು ಅಲ್ವಾ?

ಗೆಳೆಯರು ಇದನ್ನು ಸೆಲ್ಫಿ ಅಂದರು. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. 1990ರ ದಶಕದಿಂದಲೂ ತಾವೇ ವೇಷ ಹಾಕಿ ಕ್ಯಾಮೆರಾ ಎದುರು ನಿಂತಿದ್ದಾರೆ. ಅವರ ಫೋಟೋಗಳನ್ನು ನೋಡಿದ ಯಾರೂ ಅದನ್ನು ಸೆಲ್ಫಿ ಅನ್ನಲಾರರು. ವೇಷ ಹಾಕಿದ ಮೇಲೆ ಆ ಮುಖ ನನ್ನೊಬ್ಬನದಾಗಿ ಉಳಿಯುವುದಿಲ್ಲ.

ಮೊದಲ ಡಬ್ಬ ಗುಜರಿಯಲ್ಲಿ ಸಿಕ್ಕಿತು. ಶಟರ್ ಬಾಗಿಲಿನ ಮರದ ಟಿವಿ, ಸುಮಾರು 400 ರೂಪಾಯಿ. ಪಿಕ್ಚರ್ ಟ್ಯೂಬನ್ನು ರಿಪೇರಿಯವರ ಕೈಯಲ್ಲೇ ತೆಗೆಸಿದೆ, ಅದಕ್ಕೆ ನೀವೂ ಕೈ ಹಾಕಬೇಡಿ. ಖಾಲಿ ಡಬ್ಬವೇ ಎಂಟೊಂಬತ್ತು ಕೆ.ಜಿ. ಇತ್ತು. ಹತ್ತು ನಿಮಿಷಕ್ಕೆ ಕತ್ತು ಹಿಡಿದುಕೊಂಡಿತು. ಫಿಸಿಯೋಗೆ ಕೊಟ್ಟ ದುಡ್ಡು ಡಬ್ಬದ ಬೆಲೆಯ ಐದು ಪಟ್ಟು.

ಆಮೇಲೆ ಗಾರುಡಿ ಗೊಂಬೆ ಕುಣಿಸುವ ಒಬ್ಬ ಹಿರಿಯರು ದಾರಿ ತೋರಿಸಿದರು. ಬಿದಿರಿನ ಅಷ್ಟು ಎತ್ತರದ ಗೊಂಬೆ ಹೊತ್ತು ದಸರಾ ಮೆರವಣಿಗೆಯಲ್ಲಿ ನಡೆದವರು ಅವರು. ನನ್ನ ಡಬ್ಬ ಎತ್ತಿ ನೋಡಿ, "ಭಾರ ತಲೆಗ್ಯಾಕೆ ಕೊಡ್ತೀಯ? ಹೆಗಲಿಗೆ ಕೊಡು" ಅಂದರು. ಹದಿನಾಲ್ಕು ಇಂಚಿನ ಪ್ಲಾಸ್ಟಿಕ್ ಡಬ್ಬಕ್ಕೆ ಬದಲಾದೆ. ಒಳಗೆ ಬಿದಿರಿನ ಚೌಕಟ್ಟು ಕಟ್ಟಿ ಹೆಗಲ ಮೇಲೆ ಕೂರಿಸಿದೆ. ತಲೆ ಅಲುಗದಂತೆ ಒಳಗೆ ಇನ್ನೊಂದು ವ್ಯವಸ್ಥೆ ಇದೆ. ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಇನ್ನು ಫಿಲ್ಟರ್. ಹಗಲಲ್ಲೂ ಕ್ಯಾಮೆರಾ ಅಷ್ಟು ಹೊತ್ತು ತೆರೆದಿಡಲು ಲೆನ್ಸ್ ಮುಂದೆ ಬೆಳಕು ತಡೆಯುವ ಕಪ್ಪು ಗಾಜು ಬೇಕು. ಅಗ್ಗದ ಹತ್ತು ಸ್ಟಾಪ್ ಎನ್‌ಡಿ ಫಿಲ್ಟರ್ ತಂದು ಮೂರು ವಾರ ಹಾಳುಮಾಡಿಕೊಂಡೆ. ಎಲ್ಲ ಫ್ರೇಮೂ ನೇರಳೆ ಬಣ್ಣ, ಎಷ್ಟು ತಿದ್ದಿದರೂ ಚರ್ಮ ಸತ್ತಂತೆ ಕಾಣುತ್ತಿತ್ತು. ಒಳ್ಳೆಯದಕ್ಕೆ ಏಳು ಸಾವಿರದ ಹತ್ತಿರ ಹೋಯಿತು. ಕ್ಯಾಮೆರಾ ಸೆಟ್ಟಿಂಗ್ ಇಷ್ಟೇ: ಮೋಡದ ಬೆಳಗ್ಗೆ, ಎಫ್ 11, ಐಎಸ್‌ಒ 100, ಮೂವತ್ತು ಸೆಕೆಂಡ್. ಇದರ ಮೇಲೆ ಹೆಚ್ಚು ಹೇಳಬೇಕಿಲ್ಲ.

ಮಧ್ಯೆ ಬೇರೆ ಹುಚ್ಚುಗಳೂ ಇದ್ದವು. ಹಳೇ ಪೇಪರಿನ ಅಂಗಿ ಹೊಲಿದೆ, ಒಂದೇ ಮಳೆಗೆ ಮುದ್ದೆಯಾಯಿತು. ಪರದೆಯ ಜಾಗಕ್ಕೆ ಕನ್ನಡಿ ಹಾಕಿದೆ. ಜನ ಅದರಲ್ಲಿ ಕೂದಲು ಸರಿಮಾಡಿಕೊಂಡು ಹೋದರು, ಫೋಟೋ ತುಂಬ ಆಕಾಶವೇ ಬಂತು. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಎಂಟು ಸೆಕೆಂಡ್ ಇಟ್ಟು ನೋಡಿದೆ. ಫೋನಿನ ಬೆಳಕಲ್ಲಿ ಮುಖಗಳಷ್ಟೇ ತೇಲುತ್ತಿದ್ದವು. ಇದನ್ನು ಮುಂದುವರಿಸಬೇಕು.

ಆದರೆ ಬೆಳಗಿನ ಫ್ರೇಮುಗಳಲ್ಲಿ ಒಂದು ತೊಂದರೆ ಹೋಗಲೇ ಇಲ್ಲ. ಎಲ್ಲರೂ ಮಾಯವಾದರೂ ಮೂರ್ನಾಲ್ಕು ಜನ ಉಳಿದುಬಿಡುತ್ತಿದ್ದರು. ಅವರನ್ನು ಅಳಿಸುತ್ತಾ ಕೂರುತ್ತಿದ್ದೆ. ಒಂದು ರಾತ್ರಿ ದೊಡ್ಡದು ಮಾಡಿ ನೋಡಿದೆ. ಉಳಿದವರೆಲ್ಲ ಫೋನ್ ನೋಡುತ್ತಾ ನಿಂತವರು! ನನ್ನಷ್ಟೇ ಅಲುಗಾಡದೆ ನಿಂತಿದ್ದರು, ಅದೂ ಯಾವ ಅಭ್ಯಾಸವೂ ಇಲ್ಲದೆ. ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬನಾದ ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಫೋಟೋ ನೆನಪಾಯಿತು. ಇಡೀ ಬೀದಿ ಖಾಲಿ, ಅಲುಗದೆ ಬೂಟು ಪಾಲಿಶ್‌ಗೆ ನಿಂತವನೊಬ್ಬ ಎದ್ದು ಕಾಣುತ್ತಾನೆ.

ಮೈ ಜುಮ್ ಅನ್ನಿಸಿದ್ದು ಅದಾದ ಮೇಲೆ. ಅದೇ ಫ್ರೇಮಿನಲ್ಲಿ ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕರೊಬ್ಬರು ಇದ್ದರು, ನಾನೇ ಕಣ್ಣಾರೆ ನೋಡಿದ್ದೆ. ಫೋಟೋದಲ್ಲಿ ಇಲ್ಲ. ಹೂವಿನಮ್ಮನ ಮಲ್ಲಿಗೆ ರಾಶಿ ಇದೆ, ಬುಟ್ಟಿ ಇದೆ, ಬಾಳೆನಾರು ಇದೆ. ಆಕೆ ಮತ್ತು ಆಕೆಯ ಕಟ್ಟುವ ಕೈಗಳು ಮಾತ್ರ ಬಿಳಿ ಮಂಜು. ದುಡಿಯುವವರು ಅಳಿಸಿಹೋಗಿದ್ದರು, ಪರದೆ ನೋಡುವವರು ಉಳಿದಿದ್ದರು. ನಾನು ಹೇಳಬೇಕಿದ್ದದ್ದು ಇದೇ. ಅಳಿಸುವುದನ್ನು ಅವತ್ತೇ ನಿಲ್ಲಿಸಿದೆ. ಸರಣಿಯಲ್ಲಿ ಹನ್ನೊಂದು ಫೋಟೋ, ಒಂದರಲ್ಲೂ ಯಾರನ್ನೂ ತೆಗೆದಿಲ್ಲ, ಸೇರಿಸಿಲ್ಲ. ಮೈಸೂರಿನಲ್ಲಿ ಈ ಕೆಲಸವನ್ನು ಇಷ್ಟು ಹಟ ಹಿಡಿದು ಮಾಡಿದವರನ್ನು ನಾನಂತೂ ಕಂಡಿಲ್ಲ.

ಒಟ್ಟು ಖರ್ಚು 25 ಸಾವಿರದ ಆಸುಪಾಸು. ಒಂದು ಗ್ಯಾಲರಿ "ನಿಮ್ಮ ಮುಖ ಯಾರು ಕೊಳ್ತಾರೆ" ಅಂತ ವಾಪಸ್ ಕಳಿಸಿತು. ಬೆಂಗಳೂರಿನ ಚಿತ್ರಸಂತೆಯಲ್ಲಿ ಗೆಳೆಯರ ಮಳಿಗೆಯ ಮೂಲೆಯಲ್ಲಿ ಇಟ್ಟೆ. ನಾಲ್ಕು ಸಣ್ಣ ಪ್ರಿಂಟ್ ಹೋದವು, ತಲಾ ಎರಡೂವರೆ ಸಾವಿರ. ಪ್ರಿಂಟಿನ ದುಡ್ಡಾದರೂ ಬಂತು.

ಮೊದಲ ದೊಡ್ಡ ಪ್ರಿಂಟನ್ನು ಮಾರ್ಕೆಟ್‌ಗೇ ಒಯ್ದಿದ್ದೆ. ಹೂವಿನಮ್ಮ ಬಹಳ ಹೊತ್ತು ನೋಡಿದರು. "ಬುಟ್ಟಿ ನಂದೇ. ನಾನೆಲ್ಲಿ?" ಅಂದರು. ನಾನು ವಿವರಿಸಿದೆ. ಸುಮ್ನೆ ಕೇಳಿಸಿಕೊಂಡರು. ಮಾರನೇ ಬೆಳಗ್ಗೆ ನಾನು ಡಬ್ಬ ಹಾಕಿಕೊಳ್ಳುವಾಗ, ಕಟ್ಟುತ್ತಿದ್ದ ಮಾಲೆಯನ್ನು ಬುಟ್ಟಿಯಲ್ಲಿಟ್ಟು, ಎರಡೂ ಕೈ ಮಂಡಿ ಮೇಲೆ ಇಟ್ಟು ಕೂತರು. "ಎರಡು ಮೊಳ ಕೊಡಮ್ಮ" ಅಂತ ಗಿರಾಕಿಯೊಬ್ಬರು ಎರಡು ಸಲ ಕೂಗಿದರು. ಕ್ಯಾಮೆರಾ ಮುಚ್ಚುವವರೆಗೂ ಆಕೆ ಅಲುಗಲಿಲ್ಲ.